ನಿನ್ನ ಹೆಸರಿನ ಡಬ್ಬಿ

ಶಮೀಮ್,

ಇವತ್ತು ನನಗೆ ತಲೆ ಕೆಟ್ಟುಹೋಗಿದೆ. ನಮ್ಮ ರಿಚರ್ಡ್ಸ್ ಟೌನಿನ ಶಾಂತಿ ಶಿಬಿರಕ್ಕೆ ಈ ಸಲ ಶ್ರೀಲಂಕಾದ ಹುಡುಗ ಹುಡುಗಿಯರು ಬಂದಿದ್ದಾರೆ, ತಮಿಳರೂ ಸಿಂಹಳರೂ. ಅಲ್ಲಿನ ಅಂತರ್ಯುದ್ಧ ಮುಗಿದಾಗ ಇವರೆಲ್ಲ ಕೂಸುಗಳು. ಎದುರು ಮನೆಯ ಬಾಗಿಲನ್ನು ಮೊದಲು ನೀವೇ ತಟ್ಟಬೇಕು ಎಂದು ವಾರವಿಡೀ ಗಂಟಲು ಹರಿದುಕೊಂಡೆ. ಕೇಳಿದರೆ ತಾನೆ! ಅಡುಗೆಮನೆಯಲ್ಲಿ ಕಾಯಿ ಚಟ್ನಿಗೆ ಖಾರ ಎಷ್ಟು ಹಾಕಬೇಕೆಂದು ತಮಿಳರ ಹುಡುಗ ಕಜನ್, ಸಿಂಹಳರ ಹುಡುಗಿ ನದೀಶಾ ಜಗಳಾಡಿದರು, ನಕ್ಕರು. ಯುದ್ಧದ ಬಗ್ಗೆ ಮಾತ್ರ ತುಟಿ ಬಿಚ್ಚಲಿಲ್ಲ.

ಉಳಿದ ಚಟ್ನಿ ತುಂಬಿಡಲು ನದೀಶಾ ಕಪಾಟಿನಿಂದ ಸ್ಟೀಲ್ ಡಬ್ಬಿ ತೆಗೆದಳು. ಮುಚ್ಚಳದ ಮೇಲೆ ನಿನ್ನ ಹೆಸರು ಕೆತ್ತಿದೆ. ಇಲ್ಲಿ ಕೋಮು ಗಲಾಟೆ ಎದ್ದ ಹಿಂದಿನ ದಿನ ನೀನು ಈದ್ ಹಬ್ಬದ ಶೀರ್ ಖುರ್ಮಾ ಪಾಯಸ ತಂದಿದ್ದ ಡಬ್ಬಿ. ಆಮೇಲೆ ನೀನು ಇತ್ತ ಬರಲಿಲ್ಲ.

"ಯಾರದು ಹಂಸಕ್ಕಾ ಇದು?"

"ನನ್ನ ಜೊತೆ ಕೆಲಸ ಮಾಡ್ತಿದ್ದವಳದು."

"ಯಾಕೆ ವಾಪಸ್ ಕೊಟ್ಟಿಲ್ಲ?"

"ಖಾಲಿ ಡಬ್ಬಿ ಕೊಡಬಾರ್ದು, ನಮ್ಮಲ್ಲಿ ಪದ್ಧತಿ."

ಅವಳು ಚಟ್ನಿ ತುಂಬಿ ಮುಚ್ಚಳ ಒತ್ತಿದಳು.

"ಈಗ ಖಾಲಿ ಇಲ್ವಲ್ಲ, ನಾವೂ ಬರ್ತೀವಿ. ಅವರ ಮನೆ ಎಲ್ಲಿ?" ಎಂದ ಕಜನ್.

"ತುಂಬಾ ದೂರ," ಎಂದು ಗದರಿದೆ.

ಅಷ್ಟರಲ್ಲಿ ನಿಮ್ಮ ಬೀದಿಯ ಮಸೀದಿಯ ಆಜಾನ್ ಅಡುಗೆಮನೆಯೊಳಗೇ ಕೇಳಿಸಿತು.