ನನ್ನ ತಮ್ಮನ ಕೂಗನ್ನು ಕೋರ್ಟಿಗೆ ಕೊಡಿ

ಹವ್ಯಾಸಿ ರೇಡಿಯೊ ರಾಷ್ಟ್ರೀಯ ಸಂಘದ ಕಾರ್ಯದರ್ಶಿಗಳೇ,

ನನ್ನ ತಮ್ಮ ಪ್ರಾಣ ಉಳಿಸಿ ಎಂದು ಕೂಗಿದ್ದಕ್ಕೆ ನಿಮ್ಮ ಸಂಘ ಎರಡು ಅಂಕ ಹಾಕಿಕೊಂಡಿದೆ. ಆ ಕೂಗಿನ ರೆಕಾರ್ಡಿಂಗ್ ಕೊಡಿ ಎಂದು ಕೇಳಿದರೆ, ಸ್ಪರ್ಧೆಯ ಫಲಿತಾಂಶ ಬರುವವರೆಗೆ ಕೊಡಲಾಗದು ಎಂದು ಪತ್ರ ಕಳಿಸಿದ್ದೀರಿ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಮೋಟಾರಿಗೆ ತಂತಿ ಸುತ್ತಿ ಬದುಕಿದವನು. ನಿಮ್ಮ ಪತ್ರ ಮೂರು ಸಲ ಓದಿದೆ. ಮೂರು ಸಲವೂ ಮೈ ಉರಿಯಿತು.

ಗಲಭೆಯಾದ ಆ ಭಾನುವಾರ ಮಧ್ಯಾಹ್ನ ಫೋನುಗಳು ಸತ್ತಿದ್ದವು. ತಮ್ಮನ ರೇಡಿಯೊ ರಿಪೇರಿ ಅಂಗಡಿಯ ಶಟರಿಗೆ ಹಾರೆ ಬಿದ್ದಾಗ ಅವನು ಮೈಕ್ ಹಿಡಿದ. ಅಂದು ನಿಮ್ಮ ಸ್ಪರ್ಧೆ. ರೇಡಿಯೊದಲ್ಲಿ ಒಬ್ಬರನ್ನು ಮಾತಾಡಿಸಿದರೆ ಎರಡು ಅಂಕ, ದಿನವಿಡೀ ಹೆಚ್ಚು ಮಂದಿಯನ್ನು ಮಾತಾಡಿಸಿದವರಿಗೆ ಬಹುಮಾನದ ಕಪ್. ಯಾರು ಸಿಕ್ಕರೂ ‘ಫೈವ್ ನೈನ್’, ಅಂದರೆ ನಿಮ್ಮ ದನಿ ಜೋರಾಗಿ, ಸ್ಪಷ್ಟವಾಗಿ ಕೇಳುತ್ತಿದೆ, ಎಂದು ಹೇಳಿ ಮುಂದಿನವರನ್ನು ಕರೆಯುವುದು ನಿಮ್ಮ ರೂಢಿ. ತಮ್ಮ, ಪಾಪ, ಅಭ್ಯಾಸಬಲದಿಂದ ತನ್ನ ಕರೆಸಂಕೇತ, ಅಂದರೆ ರೇಡಿಯೊದಲ್ಲಿನ ಗುರುತು, ಹೇಳಿಯೇ ಕೂಗಿದ; ನಿಮ್ಮವನು ಅದನ್ನು ಸ್ಪರ್ಧೆಯ ಕರೆ ಎಂದು ಬರೆದುಕೊಂಡ. ನಾಲ್ಕು ಬೀದಿ ಆಚೆ ನನ್ನ ವರ್ಕ್‌ಶಾಪಿನ ರೇಡಿಯೊ ಸೆಟ್ಟಿನಲ್ಲಿ ಎಲ್ಲವೂ ಕೇಳಿಸಿತು.

“ಪೊಲೀಸರಿಗೆ ಹೇಳ್ರಪ್ಪಾ! ಟಯರ್ ಅಂಗಡಿಯವನು ಪೆಟ್ರೋಲ್ ತಂದಿದಾನೆ. ಅವನ ಭಾವಮೈದನ ಕೈಲಿ ಹಾರೆ ಇದೆ. ಶಟರ್ ಹೋಯ್ತು!”

“ಫೈವ್ ನೈನ್, ಥ್ಯಾಂಕ್ಯೂ. ಮುಂದಿನವರು?” ಎಂದ ನಿಮ್ಮ ಕೇಂದ್ರದಲ್ಲಿ ಕುಳಿತವನು.

“ಲೋ ಬೋಳೀಮಗನೇ, ಅವನನ್ನ ಕೊಲ್ತಿದಾರೆ ಕಣೋ!” ಎಂದೆ ನಾನು.

“ಯಜಮಾನ್ರೇ, ಸ್ಪರ್ಧೆ ನಡೀತಿದೆ. ದಯವಿಟ್ಟು ಚಾನೆಲ್ ಬಿಡಿ.”

ಆಮೇಲೆ ಬಂದದ್ದು ಕಬ್ಬಿಣ ಮೂಳೆಗೆ ಬೀಳುವ ಸದ್ದು. ಒಂದಲ್ಲ, ಎರಡಲ್ಲ. ಮಧ್ಯೆ “ಅಣ್ಣಾ” ಎಂಬ ದನಿ. ಅದೂ ಸ್ಪಷ್ಟವಾಗಿಯೇ ಕೇಳಿಸಿರಬೇಕಲ್ಲವೇ?

ನಾನು ಹೋದಾಗ ಅವನ ದವಡೆ ಒಂದು ಪಕ್ಕಕ್ಕೆ ಜೋತುಬಿದ್ದಿತ್ತು. ನೆಲದ ಮೇಲೆ ಸ್ಕ್ರೂಗಳ ನಡುವೆ ಹಲ್ಲುಗಳು. ಉರಿಯುವ ಅಂಗಿ ಕಿತ್ತರೆ ಜೊತೆಗೆ ಚರ್ಮವೂ ಬಂತು.

ಈಗ ಅವನಿಗೆ ಮಾತಿಲ್ಲ, ಆ ದಿನದ ನೆನಪೂ ಇಲ್ಲ. ಟಯರ್ ಅಂಗಡಿಯವನು ಮನೆಯಲ್ಲಿ ಮಲಗಿದ್ದನಂತೆ. ಬೀದಿಯವರು ಯಾರೂ ಬಾಯಿ ಬಿಡುವುದಿಲ್ಲ. ನಾನು ಕೇಳಿದ್ದನ್ನು ಹೇಳಿದರೆ, “ಅಣ್ಣ ಅಲ್ವಾ, ಹೇಳೇ ಹೇಳ್ತಾನೆ” ಎಂದು ಆರೋಪಿಗಳ ವಕೀಲ ನಕ್ಕ. ಸೋಮವಾರದ ವಿಚಾರಣೆಯಲ್ಲಿ ಸಾಕ್ಷಿ ಇಲ್ಲದಿದ್ದರೆ ಇಬ್ಬರೂ ಹೊರಗೆ. ಅವರ ಗುರುತು ಹೇಳಿದ ದನಿ ನಿಮ್ಮ ಬೀರುವಿನಲ್ಲಿದೆ. ಅದಕ್ಕಿಂತ ನಿಮಗೆ ಕಪ್ ದೊಡ್ಡದೇ?

ನನಗೋ, ಅಸಭ್ಯ ಭಾಷೆ ಬಳಸಿದ್ದಕ್ಕೆ ನಿಮ್ಮ ಸಂಘದಿಂದ ಮೂರು ತಿಂಗಳ ಅಮಾನತು. ಭೇಷ್! ಹಾರೆ ಸಭ್ಯ, ನನ್ನ ನಾಲಿಗೆ ಅಸಭ್ಯ.

ಒಂದು ಮಾತನ್ನು ನಾನೇ ಹೇಳಿಬಿಡುತ್ತೇನೆ. ಆ ನಾಲ್ಕು ಬೀದಿ ಓಡಲು ಐದು ನಿಮಿಷ ಸಾಕಿತ್ತು. ಸಿಟ್ಟು ನೆತ್ತಿಗೇರಿ, ಹತ್ತು ನಿಮಿಷ ಮೈಕಿನ ಮುಂದೆಯೇ ಕುಳಿತು ನಿಮ್ಮವನ ಜನ್ಮ ಜಾಲಾಡಿದೆ. ಅದೂ ರೆಕಾರ್ಡಿಂಗಿನಲ್ಲಿದೆ. ತುಂಬಿದ ಕೋರ್ಟಿನಲ್ಲಿ ಕೇಳಿಸಲಿ, ನನ್ನ ಮಾನ ಹೋಗಲಿ. ಒಂದು ಕ್ಷಣವನ್ನೂ ಕತ್ತರಿಸದೆ, ಶನಿವಾರದೊಳಗೆ ಅದನ್ನು ನ್ಯಾಯಾಧೀಶರಿಗೆ ತಲುಪಿಸಿ.

ಇಂತಿ,
ಓಡುವುದು ಬಿಟ್ಟು ಬೈಯುತ್ತ ಕುಳಿತ ಅಣ್ಣ