ನೋಡಿ ತುಂಬತಕ್ಕದ್ದು

ಸೆಪ್ಟೆಂಬರ್ 2, ಸೋಮವಾರ

ವಿದ್ಯಾರ್ಥಿ ವಿವರದ ಫಾರಂ ವಾಪಸ್ ಬಂದದ್ದು ನಾನೂರ ಹನ್ನೆರಡು. ಬರಬೇಕಾದದ್ದು ನಾನೂರ ಮೂವತ್ತೊಂದು. ನಾಲ್ಕರ ಮೇಲೆ ಟೀ ಕಲೆ. ಒಂದರ ಮೂಲೆಯನ್ನು ಯಾರದೋ ತಮ್ಮ ಅಗಿದು ತಿಂದಿದ್ದಾನೆ. ತರಗತಿವಾರು ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿದ್ದಾಯಿತು.

ಒಂಬತ್ತನೆಯ ಕಾಲಂ ಜನಾಂಗ. ಏಳು ಚೌಕ, ಒಂದಕ್ಕೆ ಮಾತ್ರ ಗುರುತು. ಕೆಳಗೆ ಸಣ್ಣ ಅಕ್ಷರದಲ್ಲಿ — 'ಪೋಷಕರು ತುಂಬದಿದ್ದಲ್ಲಿ ಶಾಲಾ ಸಿಬ್ಬಂದಿ ವಿದ್ಯಾರ್ಥಿಯನ್ನು ನೋಡಿ ತುಂಬತಕ್ಕದ್ದು.' ಆ ಸಿಬ್ಬಂದಿ ಶಾಲೆಯ ಗುಮಾಸ್ತೆಯಾದ ನಾನೇ, ಈ ಕಾಲಂ ಬಂದ ಹನ್ನೊಂದು ವರ್ಷದಿಂದ. ಬಿಡುವಿನ ವೇಳೆ ಮೆಟ್ಟಿಲ ಮೇಲೆ ನಿಲ್ಲುವುದು. ಮಗುವಿನ ಬಣ್ಣ, ಕೂದಲು, ಮೂಗು ನೋಡುವುದು. ಟಿಕ್. ಪಕ್ಕದಲ್ಲಿ ಪೆನ್ಸಿಲ್ಲಿನ ಒಂದು ಚುಕ್ಕಿ, ಇದು ನಾನು ತುಂಬಿದ್ದು ಎಂದು ನೆನಪಿರಲಿಕ್ಕೆ. ಒಂದೂ ಖಾಲಿ ಬಿಟ್ಟವಳಲ್ಲ. ಮೇಲಿನ ಆಫೀಸಿನಿಂದ ಎರಡು ಸಲ ಮೆಚ್ಚುಗೆಯ ಪತ್ರ ಬಂದಿದೆ.

ನಮ್ಮವರಿಗೆ ಇದೊಂದು ತಮಾಷೆ. ಬಿಚ್ಚಿದ ಗಡಿಯಾರದಿಂದ ತಲೆಯೆತ್ತದೆ ಹೇಳುತ್ತಾರೆ: "ದೇವರು ಹಣೇಲಿ ಬರೀತಾನೆ. ನಮ್ಮನೆಯೋಳು ಒಂಬತ್ತನೇ ಕಾಲಂನಲ್ಲಿ ಬರೀತಾಳೆ."

ನಾಳೆ ಉಳಿದ ಹತ್ತೊಂಬತ್ತು ಮಕ್ಕಳನ್ನು ನೋಡಬೇಕು.

ಸೆಪ್ಟೆಂಬರ್ 4, ಬುಧವಾರ, ಬೆಳಿಗ್ಗೆ 10.20

ಕಂಪ್ಯೂಟರಿನಲ್ಲಿ ಕೆಂಪು ಸಾಲು, ಈ ವರ್ಷ ಹೊಸದಾಗಿ ಬಂದ ತಪಾಸಣೆ. 'ಒಡಹುಟ್ಟಿದವರ ಜನಾಂಗ ಹೊಂದಾಣಿಕೆಯಾಗುತ್ತಿಲ್ಲ.' ಐದನೇ ತರಗತಿಯ ಅವಳಿಗಳು. ಅದೇ ತಾಯಿ, ಅದೇ ವಿಳಾಸ, ಅದೇ ಹುಟ್ಟಿದ ದಿನ. ಹುಡುಗಿ ಎರಡನೆಯ ಚೌಕದಲ್ಲಿ, ಹುಡುಗ ಐದನೆಯದರಲ್ಲಿ. ಹಳೆಯ ಫಾರಂ ತೆಗೆದು ನೋಡಿದರೆ ಎರಡರ ಪಕ್ಕದಲ್ಲೂ ನನ್ನ ಚುಕ್ಕಿ.

ನೆನಪಾಯಿತು. ಎರಡು ವರ್ಷದ ಹಿಂದೆ, ರಜೆ ಮುಗಿದ ವಾರ. ಹುಡುಗ ರಜೆಯೆಲ್ಲ ಬಿಸಿಲಲ್ಲಿ ಆಡಿ ಕಪ್ಪಾಗಿದ್ದ, ತಲೆ ಬೋಳಿಸಿದ್ದರು, ಬಹುಶಃ ಹೇನಿಗೆ. ಅವಳು ಜ್ವರ ಹಿಡಿದು ಮನೆಯಲ್ಲೇ ಇದ್ದು ಬಿಳಿಚಿಕೊಂಡಿದ್ದಳು. ಇಬ್ಬರನ್ನೂ ಬೇರೆ ಬೇರೆ ದಿನ ನೋಡಿದ್ದೆ.

ಹೆಡ್ ಮೇಡಂಗೆ ಹೇಳಲಿಲ್ಲ. ಮೊದಲು ತಾಯಿಗೆ ಫೋನ್ ಮಾಡಿದೆ.

ಸೆಪ್ಟೆಂಬರ್ 5, ಗುರುವಾರ

ತಾಯಿ ಸಿಟಿ ಬಸ್ ಡ್ರೈವರ್. ಎರಡು ಟ್ರಿಪ್ಪಿನ ನಡುವೆ ಯೂನಿಫಾರಮ್ಮಿನಲ್ಲೇ ಬಂದಳು. ಕೂರು ಅಂದರೆ ಕೂರಲಿಲ್ಲ.

"ಯಾರು ತುಂಬಿದ್ದು ಇದನ್ನ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ಪೆನ್ಸಿಲ್ಲಿನತ್ತ ಹೋಯಿತು. ನಾನೇ ಅಂದೆ.

"ಒಂದೇ ಹೊಟ್ಟೇಲಿ, ಹತ್ತು ನಿಮಿಷದ ಅಂತರದಲ್ಲಿ ಹುಟ್ಟಿದ್ವು ಮೇಡಂ. ಆ ಹತ್ತು ನಿಮಿಷದಲ್ಲಿ ಜನಾಂಗ ಬದಲಾಯ್ತಾ?" ನಕ್ಕಳು. ಆಮೇಲೆ ಇದ್ದಕ್ಕಿದ್ದ ಹಾಗೆ ನಗು ನಿಂತಿತು. "ತಡೀರಿ... ಅದಕ್ಕೇನಾ ಅವ್ನನ್ನ ಓದಿನ ಕ್ಲಾಸಿಗೆ ಹಾಕಿದ್ದು?"

ಅದಕ್ಕೇ. ಐದನೆಯ ಚೌಕದ ಮಕ್ಕಳ ಮನೆಮಾತು ಬೇರೆ, ಓದಿನಲ್ಲಿ ಹಿಂದೆ ಬೀಳುತ್ತಾರೆ ಎಂದು ವಾರಕ್ಕೆರಡು ಹೆಚ್ಚುವರಿ ಓದಿನ ತರಗತಿ. ಪಟ್ಟಿ ಕಂಪ್ಯೂಟರಿನಿಂದ ತಾನೇ ಬರುತ್ತದೆ.

"ಅವ್ನು ಓದೋ ದಪ್ಪ ಪುಸ್ತಕ ನಂಗೂ ಓದೋಕಾಗಲ್ಲ. ಎರಡು ವರ್ಷ ಆಟದ ಪೀರಿಯಡ್ ತಪ್ಪಿಸಿ ಅ ಆ ಇ ಈ ತಿದ್ದಿಸಿದೀರಿ. ಅವ್ಳಿಗೆ ನನ್ನ ಬಸ್ಸಿನ ಬೋರ್ಡು ಓದೋಕೆ ಬರಲ್ಲ! ಅವ್ಳನ್ನ ಯಾಕೆ ಹಾಕಲ್ಲ ಅಂತ ಎರಡು ಸಲ ಬಂದು ಕೇಳ್ದೆ. ಲಿಸ್ಟಲ್ಲಿ ಹೆಸರಿಲ್ಲ ಅಂದ್ರಿ."

ಅಂದವಳು ನಾನೇ. ಇದೇ ಕಿಟಕಿಯಲ್ಲಿ. ಬೇಗ ಹೇಳಿ ಕಳಿಸಿದ್ದೆ, ಹಿಂದೆ ಸಾಲಿತ್ತು.

ಯಾವ ಚೌಕ ಹಾಕಲಿ, ನೀವೇ ಹೇಳಿ ಅಂದೆ.

"ನಮ್ಮಮ್ಮ ಒಂದು ಕಡೆಯೋರು, ನಮ್ಮಪ್ಪ ಇನ್ನೊಂದು. ಮಕ್ಕಳ ಅಪ್ಪ ಮೂರನೇ ಕಡೆಯೋರು. ಒಂದೇ ಹಾಕು ಅಂದ್ರೆ ಯಾರನ್ನ ಮನೆಯಿಂದ ಆಚೆ ಹಾಕ್ಲಿ? ಖಾಲಿ ಬಿಡಿ. ಮತ್ತೆ ನೋಡಿ ಗೀಡಿ ತುಂಬಿದ್ರೆ ಸುಮ್ನಿರಲ್ಲ."

ಬಸ್ಸಿನ ಹೊತ್ತಾಯಿತೆಂದು ಹೋದಳು. ನಾಚಿಕೆಯಾಯಿತು. ಸುಳ್ಳೇಕೆ, ಇಡೀ ದಿನ ನಾಚಿಕೆಯಾಯಿತು.

ಸೆಪ್ಟೆಂಬರ್ 6, ಶುಕ್ರವಾರ

ಹೆಡ್ ಮೇಡಂಗೆ ಎಲ್ಲ ಹೇಳಿದೆ. ಅವರು ಕೆಟ್ಟವರಲ್ಲ. ಅದೇ ಕಷ್ಟ. ಕೆಟ್ಟವರಾಗಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು.

"ಐದನೇ ಚೌಕದಲ್ಲಿ ಈಗ ಸರಿಯಾಗಿ ಮೂವತ್ತು ಮಕ್ಕಳಿದ್ದಾರೆ. ಮೂವತ್ತಕ್ಕಿಂತ ಕಡಿಮೆ ಆದ್ರೆ ಓದಿನ ಮೇಷ್ಟ್ರ ಪೋಸ್ಟು ಹೋಗತ್ತೆ. ಹುಡುಗನ್ನ ತೆಗೀಬೇಡಿ, ಹುಡುಗೀನೂ ಐದಕ್ಕೆ ಹಾಕಿ. ಅವಳಿಗೂ ಕ್ಲಾಸ್ ಸಿಕ್ತು, ಮೇಷ್ಟ್ರೂ ಉಳಿದ್ರು, ಕೆಂಪು ಸಾಲೂ ಹೋಯ್ತು. ಯಾರಿಗೇನು ನಷ್ಟ?"

ತಾಯಿ ಬೇಡ ಅಂದಿದ್ದಾಳಲ್ಲ ಮೇಡಂ.

"ನಿಯಮದಲ್ಲೇ ಇದೆಯಲ್ಲ, ನೋಡಿ ತುಂಬಿ ಅಂತ. ಹನ್ನೊಂದು ವರ್ಷ ತುಂಬ್ಲಿಲ್ವಾ ನೀವು?"

ತುಂಬಿದೆ. ಆ ಮಾತು ನೇರ ಎದೆಗೆ ಬಂತು. ಆದರೆ ನಿನ್ನೆಯವರೆಗೆ ಕುರುಡಿಯಾಗಿದ್ದೆ ಎಂದು ನಾಳೆಯೂ ಕಣ್ಣು ಮುಚ್ಚಿಕೊಂಡೇ ನಡೆಯಬೇಕೆ?

ತುಂಬುವುದಿಲ್ಲ ಅಂದೆ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಆ ಕೋಣೆಯಲ್ಲಿ ಆ ಪದ ಹೇಳಿದ್ದು ಇದೇ ಮೊದಲು. ಹೇಳಿ ಫಾರಂ ಕಟ್ಟು ಎತ್ತಿಕೊಂಡು ಹೊರಬಂದೆ.

ಸೆಪ್ಟೆಂಬರ್ 16, ಸೋಮವಾರ

ಹತ್ತು ದಿನ ಬರೆಯಲಾಗಲಿಲ್ಲ. ಕಿವಿ ಬಿಸಿ, ಗಂಟಲು ಕಟ್ಟಿದೆ. ಫೋನ್... ಫೋನ್... ಫೋನ್.

ಹಳೆಯ ಚುಕ್ಕಿಗಳನ್ನೆಲ್ಲ ಹುಡುಕಿದೆ. ಇನ್ನೂ ಶಾಲೆಯಲ್ಲಿರುವವರು ನಲವತ್ತೇಳು. ಈ ವರ್ಷ ಫಾರಂ ಬಾರದ ಹತ್ತೊಂಬತ್ತು ಬೇರೆ. ಎಲ್ಲರ ಮನೆಗೂ ಮಾಡಿದೆ. ಒಬ್ಬ ತಾತ ಮುತ್ತಾತನಿಂದ ಶುರುಮಾಡಿ ನಲವತ್ತು ನಿಮಿಷ ವಂಶಾವಳಿ ಹೇಳಿದರು. ಮೊಮ್ಮಗನ ಹತ್ತಿರ ಬರುವಷ್ಟರಲ್ಲಿ ಅವರಿಗೆ ಊಟದ ಹೊತ್ತಾಯಿತು. ಒಬ್ಬಾಕೆ ರೇಗಿದಳು: "ಇದನ್ನೆಲ್ಲ ಕೇಳೋಕೆ ನೀವ್ಯಾರು?" ಕೇಳದೆ ಬರೆದವಳು ಅಂದೆ. ಆಮೇಲೆ ಮೆತ್ತಗೆ ಎಲ್ಲ ಹೇಳಿದಳು.

ನಲವತ್ತೇಳರಲ್ಲಿ ಇಪ್ಪತ್ತೊಂದು ತಪ್ಪು. ಡೊಂಕಿಲ್ಲದೆ ಟಿಕ್ ಹಾಕಿದ್ದೇನೆ, ತಪ್ಪು ಚೌಕದಲ್ಲಿ. ಐದನೆಯ ಚೌಕದಲ್ಲಿ ನಿಜವಾಗಿ ಇರುವವರು ಇಪ್ಪತ್ತೆರಡು. ಆ ಮೂವತ್ತು ನನ್ನ ಕಣ್ಣಳತೆಯ ಮೂವತ್ತು. ಹದಿನಾಲ್ಕು ಮನೆಯವರು ಖಾಲಿ ಬಿಡಿ ಅಂದರು.

ಎಣಿಸುವುದೇ ಬೇಡ ಅನ್ನುವವಳಲ್ಲ ನಾನು. ಎಣಿಸದಿದ್ದರೆ ಯಾರು ಹಿಂದೆ ಬಿದ್ದಿದ್ದಾರೆ ಎಂದು ಯಾರಿಗೂ ಕಾಣುವುದಿಲ್ಲ. ಆದರೆ ಬಾಯಿರುವವರನ್ನು ಕೇಳಿ ಎಣಿಸಲಿ. ಅಂಗಡಿಯಲ್ಲಿ ಬದನೆಕಾಯಿ ಆರಿಸಿದ ಹಾಗೆ ಮಕ್ಕಳನ್ನು ಆರಿಸಿದ್ದು ಸಾಕು.

ಸೆಪ್ಟೆಂಬರ್ 18, ಬುಧವಾರ, ಮಧ್ಯಾಹ್ನ

ಓದಿನ ಮೇಷ್ಟ್ರಿಗೆ ಸುದ್ದಿ ಮುಟ್ಟಿದೆ. ಬಾಗಿಲಲ್ಲೇ ನಿಂತರು.

"ನಿಮ್ಮ ತಪ್ಪು ನೀವು ತೊಳ್ಕೊಳ್ಳೋಕೆ ನನ್ನ ಅನ್ನಕ್ಕೆ ಕಲ್ಲು ಹಾಕ್ತೀರಾ?"

ಆ ಮಾತಿನಲ್ಲಿ ಸುಳ್ಳೇನೂ ಇಲ್ಲ. ಕೂರಿಸಿದೆ. ಕೇಳಿದೆ: ಮೇಷ್ಟ್ರೇ, ನಿಮ್ಮ ಮೂವತ್ತರಲ್ಲಿ ಓದಲು ಬಾರದವರೆಷ್ಟು?

"ಹದಿನೇಳು."

ಹೊರಗಿರುವವರಲ್ಲಿ?

ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದರು. "ಅವ್ರನ್ನ ಯಾರೂ ನನ್ನ ಹತ್ರ ಕಳ್ಸಿಲ್ಲ. ಗೊತ್ತಿಲ್ಲ."

ಗೊತ್ತುಮಾಡಿಕೊಳ್ಳಿ ಅಂದೆ. ಮೇಲಿನ ಆಫೀಸಿಗೆ ಕಳಿಸಲು ಇನ್ನು ಎರಡು ದಿನ ಇದೆ. ಎದ್ದು ಹೋದರು. ಬಾಗಿಲನ್ನು ಸ್ವಲ್ಪ ಜೋರಾಗಿಯೇ ಹಾಕಿದರು.

ಸೆಪ್ಟೆಂಬರ್ 20, ಶುಕ್ರವಾರ, ಸಂಜೆ 6

ಕಳಿಸಲು ಇಂದು ಐದು ಗಂಟೆಯೇ ಕೊನೆ. ಹದಿನಾಲ್ಕು ಖಾಲಿ ಇಟ್ಟುಕೊಂಡು ಗುಂಡಿ ಒತ್ತಿದೆ. ಕಂಪ್ಯೂಟರು ತೆಗೆದುಕೊಳ್ಳಲಿಲ್ಲ. 'ಖಾಲಿ ಕಾಲಂಗಳ ಸಂಖ್ಯೆ ಸೊನ್ನೆ ಇರತಕ್ಕದ್ದು.' ಮೇಲಿನ ಆಫೀಸಿಗೆ ಫೋನ್ ಮಾಡಿದರೆ, ಏನಾದ್ರೂ ಒಂದು ಹಾಕಿ ಕಳ್ಸೀಮ್ಮಾ ಅಂತಾನೆ ಪುಣ್ಯಾತ್ಮ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ.

ಎಲ್ಲ ಕಾಗದದಲ್ಲಿ ಮುದ್ರಿಸಿದೆ. ಮೇಲೊಂದು ಪತ್ರ: ಹನ್ನೊಂದು ವರ್ಷ ನಾನು ನೋಡಿ ತುಂಬಿದ್ದು ತಪ್ಪು, ಇನ್ನು ತುಂಬುವುದಿಲ್ಲ, ಓದಿನ ತರಗತಿ ಓದಲು ಬಾರದವರಿಗೆ ಸಲ್ಲಬೇಕು.

ಲಕೋಟೆ ಅಂಟಿಸುವಷ್ಟರಲ್ಲಿ ಮೇಷ್ಟ್ರು ಬಂದು ಮೇಜಿನ ಮೇಲೆ ಒಂದು ಹಾಳೆ ಎಸೆದರು. ಇಡೀ ಶಾಲೆಯಲ್ಲಿ ಓದಲು ಬಾರದ ಮಕ್ಕಳು. ಐವತ್ತೆಂಟು ಹೆಸರು. ಮೊದಲ ಹೆಸರೇ ಅವಳಿ ಹುಡುಗಿಯದು. ನನ್ನ ಮುಖವನ್ನೂ ನೋಡದೆ ಹೋದರು. ನನಗೆ ಅಳು ಬಂತು. ಪತ್ರದ ಮೇಲೆ ಬೀಳದ ಹಾಗೆ ನೋಡಿಕೊಂಡು ಹಾಳೆಯನ್ನೂ ಲಕೋಟೆಗೆ ಸೇರಿಸಿದೆ.

ಹೆಡ್ ಮೇಡಂ ಎರಡು ಸಲ ಓದಿದರು. "ರವಾನಿಸಿದೆ ಅಂತ ಸೀಲ್ ಹಾಕ್ತೀನಿ. ಆದ್ರೆ ಪತ್ರದಲ್ಲಿ 'ನಾನು' ಅಂತಲೇ ಇರ್ಲಿ. 'ನಾವು' ಬೇಡ."

'ನಾನು' ಅಂತಲೇ ಇದೆ ಮೇಡಂ ಅಂದೆ.

ಮೇಲಿನ ಆಫೀಸಿಗೆ ಕೈಯಾರೆ ಕೊಟ್ಟು ಬಂದೆ. ಸ್ವೀಕೃತಿ ಹಾಕಿಸಿಕೊಳ್ಳದೆ ಕದಲಲಿಲ್ಲ. 4.50ರ ಮೊಹರು.

ಅಕ್ಟೋಬರ್ 7, ಸೋಮವಾರ, ಊಟದ ಬಿಡುವು

ಎರಡು ವಾರದಿಂದ ಬಿಡುವಿನಲ್ಲಿ ಅವಳಿ ಹುಡುಗಿ ನನ್ನ ಮೇಜಿನ ಹತ್ತಿರ ಕೂರುತ್ತಾಳೆ. ತಾಯಿಯನ್ನು ಕೇಳಿಯೇ ಕೂರಿಸಿಕೊಂಡೆ. "ನೋಡಿ ತುಂಬಿದ್ದು ಸಾಕು, ಕೂರಿಸ್ಕೊಂಡು ಕಲಿಸಿ ಅಕ್ಕಾ" ಅಂದಳು. ಮೇಷ್ಟ್ರ ಪೋಸ್ಟು ಏನಾಗುತ್ತದೋ ಇನ್ನೂ ತಿಳಿದಿಲ್ಲ. ಪಾಠ ಹೇಗೆ ಹೇಳಬೇಕೆಂದು ಅವರೇ ಒಂದು ಚೀಟಿ ಬರೆದು ಕಳಿಸಿದರು. ನನ್ನ ಜೊತೆ ಮಾತಂತೂ ಇಲ್ಲ. ಹುಡುಗ ಆಟದ ಪೀರಿಯಡ್ಡಿನಲ್ಲಿ ಮೊಣಕಾಲು ತರಚಿಕೊಂಡು, ಹಲ್ಲು ಕಿರಿಯುತ್ತ ಕಿಟಕಿಯ ಮುಂದೆ ಹಾಯುತ್ತಾನೆ. ಹತ್ತು ನಿಮಿಷಕ್ಕೆ ದೊಡ್ಡವನು. ಇವಳು ಅಣ್ಣಾ ಅಂತಲೇ ಕರೆಯುತ್ತಾಳೆ.

ಬೆಳಿಗ್ಗೆ ಟಪಾಲಿನಲ್ಲಿ ನನ್ನ ಹೆಸರಿಗೊಂದು ಉದ್ದ ಲಕೋಟೆ. ಕಾರಣ ಕೇಳಿ ನೋಟಿಸ್. ಏಳು ದಿನದಲ್ಲಿ ಉತ್ತರ ಕೊಡದಿದ್ದರೆ ಅಮಾನತು. ಓದಿ ಮಡಿಸಿಟ್ಟೆ. ಆಮೇಲೆ ಅನ್ನಿಸಿತು, ಒಳ್ಳೆಯ ದಪ್ಪ ಅಕ್ಷರ, ಬಿಡಿಬಿಡಿಯಾಗಿದೆ. ಅವಳ ಮುಂದಿಟ್ಟೆ. ಓದು ಪುಟ್ಟಿ.

"ಕಾ... ರ... ಣ. ಕಾರಣ! ಕೇ... ಳಿ."

ಭೇಷ್.

ಬೆರಳಿಟ್ಟು ಇಳಿಯುತ್ತಿದ್ದಾಳೆ. ನನ್ನ ಹೆಸರು ಒಂದೇ ಏಟಿಗೆ ಓದಿದಳು. ಹುದ್ದೆ ಓದಿದಳು. ಸೇರಿದ ವರ್ಷ. ಆಮೇಲೆ ನಿಂತಳು.

"ಮಿಸ್, ಜ... ನಾಂ... ಗ. ಜನಾಂಗ. ಮುಂದೆ ನಾಲ್ಕು ಅಂತಿದೆ. ನೀವು ನಾಲ್ಕಾ ಮಿಸ್?"

ಕಾಗದ ಕಸಿದು ನೋಡಿದೆ. ಬೆಳಿಗ್ಗೆ ಆ ಸಾಲು ಕಣ್ಣಿಗೇ ಬಿದ್ದಿರಲಿಲ್ಲ. ನೌಕರರ ವಿವರ, ಜನಾಂಗ: 4. ಇಪ್ಪತ್ತಾರು ವರ್ಷದಲ್ಲಿ ಒಬ್ಬರೂ ನನ್ನನ್ನು ಕೇಳಿಲ್ಲ. ನನ್ನ ಅಪ್ಪನ ಕಡೆಯವರು ನಾಲ್ಕಲ್ಲ, ಅಮ್ಮನ ಕಡೆಯವರೂ ಅಲ್ಲ. ಯಾವನೋ ಯಾವ ಬಾಗಿಲಲ್ಲೋ ನಿಂತು ನನ್ನನ್ನೂ ನೋಡಿ ತುಂಬಿದ್ದಾನೆ. ಮೈಯೆಲ್ಲ ಉರಿಯಿತು. ಮರುಕ್ಷಣ ನಗು ತಡೆಯಲಾಗಲಿಲ್ಲ. ಹುಡುಗಿಯೂ ಏನೆಂದು ತಿಳಿಯದೆ ನನ್ನ ಜೊತೆ ನಕ್ಕಳು.

ಏಳು ದಿನ ಯಾರಿಗೆ ಬೇಕು. ಪೆನ್ಸಿಲ್ ಒಳಗಿಟ್ಟೆ. ಪೆನ್ನು ತೆಗೆದೆ. ಹುಡುಗಿ ಪಕ್ಕದಲ್ಲೇ ನಿಂತು, ನಾನು ಬರೆದ ಹಾಗೆಲ್ಲ ಒಂದೊಂದೇ ಅಕ್ಷರ ಕೂಡಿಸಿ ಜೋರಾಗಿ ಓದುತ್ತಿದ್ದಾಳೆ. ಹೆಡ್ ಮೇಡಂ ಕೋಣೆಗೂ ಕೇಳಿಸುತ್ತದೆ. ಕೇಳಿಸಲಿ. ಮೊದಲ ಸಾಲುಗಳನ್ನು ಇಲ್ಲೂ ಬರೆದಿಟ್ಟುಕೊಳ್ಳುತ್ತೇನೆ —

'ಮಾನ್ಯರೇ, ನೀವು ಕಾರಣ ಕೇಳಿದ್ದೀರಿ. ಸಂತೋಷ. ಕೊನೆಗೂ ನನ್ನನ್ನು ಏನಾದರೂ ಕೇಳಿದಿರಿ. ಮೊದಲನೆಯದಾಗಿ, ನಾನು ನಾಲ್ಕಲ್ಲ.'