ಹದಿಮೂರನೆಯ ಕಿನ್ನರಿಯ ದನಿ

ಅಗ್ರಹಾರ, ಮೈಸೂರು
೧೭ ನವೆಂಬರ್ ೨೦೨೪, ಭಾನುವಾರ

ಮುದ್ದಿನ ಸಮನ್ವಿತಾಳಿಗೆ ಅಮ್ಮನ ತುಂಬು ಆಶೀರ್ವಾದ.

ನಾನೂ ನಿಮ್ಮಪ್ಪನೂ ಕ್ಷೇಮ. ಅದನ್ನು ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದೇನೆ, ಯಾಕೆಂದರೆ ಹೇಳದೆ ಇರಲಾರದಂಥ ಸುದ್ದಿಯೊಂದಿದೆ. ನಿನ್ನೆ ಸಂಜೆ ನಾನು ಮುನ್ನೂರು ಜನರೆದುರು ವೇದಿಕೆ ಹತ್ತಿ, ಮೈಕ್ ಹಿಡಿದು ಮಾತಾಡಿದೆ. ನಾನು ಕಣೇ! ಅಂಗಡಿಯಲ್ಲಿ ‘ಬದನೆಕಾಯಿ’ ಎನ್ನಲು ಹೆದರಿ ಹೀರೆಕಾಯಿ ತರುತ್ತಿದ್ದ ನಿನ್ನಮ್ಮ.

ಫೋನ್ ಮಾಡಿ ಹೇಳಬಹುದಿತ್ತು. ಆದರೆ ನಾನು ಉಗ್ಗಿ ನಿಂತಾಗಲೆಲ್ಲ ಆ ಕಡೆಯವರು ‘ಹಲೋ, ಲೈನ್ ಹೋಯ್ತಾ?’ ಎಂದುಬಿಡುತ್ತಾರೆ. ಕಾಗದ ಹಾಗೆಲ್ಲ ಅವಸರಪಡಿಸುವುದಿಲ್ಲ.

ಮೊದಲಿನಿಂದ ಹೇಳುತ್ತೇನೆ. ನಮ್ಮ ಮಹಡಿಯ ಮೇಲೆ ಬಾಡಿಗೆಗಿರುವ ಗಗನಳನ್ನು ನೀನು ಯುಗಾದಿಗೆ ಬಂದಾಗ ನೋಡಿದ್ದೀಯ. ತಿರುಮಕೂಡಲು ನರಸೀಪುರದ ಕಡೆಯ ಪುಟ್ಟಸ್ವಾಮಿಯವರ ಮಗಳು. ಕಲಾಶಾಲೆಯಲ್ಲಿ ಓದಿದವಳು. ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿಕೊಂಡು ಇಡೀ ದಿನ ಒಳಗೇ ಇರುತ್ತಾಳೆಂದು ನಿಮ್ಮಪ್ಪ ಗೊಣಗುತ್ತಿದ್ದರಲ್ಲ, ಅವಳು ಅಲ್ಲಿ ಕುಳಿತು ಒಂದು ಅನಿಮೇಷನ್ ಸಿನಿಮಾ ಮಾಡುತ್ತಿದ್ದಳು. ಕಾಗದದಲ್ಲಿ ಗೊಂಬೆ ಕತ್ತರಿಸಿ, ಅದರ ಕೈಯನ್ನು ಎಳ್ಳಿನಷ್ಟು ಸರಿಸಿ ಒಂದು ಫೋಟೊ, ಮತ್ತೆ ಎಳ್ಳಿನಷ್ಟು ಸರಿಸಿ ಇನ್ನೊಂದು. ಗೊಂಬೆ ಒಮ್ಮೆ ಕೈಮುಗಿಯಬೇಕಾದರೆ ಅರ್ಧ ದಿನ ಬೇಕು. ಒಂಬತ್ತು ನಿಮಿಷದ ಸಿನಿಮಾಕ್ಕೆ ಎರಡು ವರ್ಷ.

ಕಥೆ ನಿನಗೆ ಗೊತ್ತಿರುವುದೇ, ನೂರು ವರ್ಷ ನಿದ್ದೆ ಹೋದ ರಾಜಕುಮಾರಿಯದು. ಮಗುವಿನ ನಾಮಕರಣಕ್ಕೆ ರಾಜ ಹನ್ನೆರಡು ಕಿನ್ನರಿಯರನ್ನು ಕರೆಯುತ್ತಾನೆ, ಹದಿಮೂರನೆಯವಳನ್ನು ಬಿಡುತ್ತಾನೆ, ಅವಳು ಬಂದು ಶಾಪ ಹಾಕುತ್ತಾಳೆ. ಗಗನ ಆ ಅರಮನೆಯನ್ನು ನಮ್ಮೂರಿನ ಕಡೆಯದು ಮಾಡಿದ್ದಳು. ತೊಟ್ಟಿಲು, ಕಳಶ, ಬಾಗಿಲಿಗೆ ಮಾವಿನ ತೋರಣ.

ಹೋದ ವರ್ಷ ಬೇಸಿಗೆಯಲ್ಲಿ ಮಹಡಿಗೆ ಸಂಡಿಗೆ ಒಣಗಿಸಲು ಹೋದ ನನ್ನನ್ನು ಅವಳು ಒಳಗೆ ಕರೆದು ಗೊಂಬೆಗಳನ್ನು ತೋರಿಸಿದಳು. ಆ ಹದಿಮೂರನೆಯವಳನ್ನು ಕೈಯಲ್ಲಿ ಹಿಡಿದ ತಕ್ಷಣ ನನಗೇನಾಯಿತೋ, ಅವಳ ದನಿ ಮಾಡಿ ಶಾಪವನ್ನು ಹೇಳಿಬಿಟ್ಟೆ. ನಾಲಗೆ ಒಂದು ಕಡೆಯೂ ತಡೆಯಲಿಲ್ಲ. ನಿನಗೆ ಕಥೆ ಹೇಳಿ ಮಲಗಿಸುವಾಗಲೂ ಹಾಗೇ ಆಗುತ್ತಿತ್ತು, ರಾಕ್ಷಸಿಯಾದರೆ ನಾನು ಉಗ್ಗುತ್ತಿರಲಿಲ್ಲ. ಗಗನ ಬಾಯಿ ಬಿಟ್ಟು ನೋಡಿ, “ಅಮ್ಮಾ, ನಮ್ ಸಿನಿಮಾಕ್ಕೆ ನೀವೇ ದನಿ ಕೊಟ್ಬುಡಿ” ಎಂದಳು. ನಾನು ಬೇರೆ ಯೋಚಿಸದೆ ಹೂಂ ಎಂದೆ. ಗುರುವಾರ ಗುರುವಾರ ಪ್ರವಚನಕ್ಕೆ ಹೋಗುತ್ತೇನೆಂದು ನಿನಗೆ ಬರೆಯುತ್ತಿದ್ದೆನಲ್ಲ, ಅದು ಸುಳ್ಳು. ವಿಜಯನಗರದಲ್ಲಿ ಯೋಗೇಂದ್ರ ಎನ್ನುವ ಹುಡುಗನ ರೆಕಾರ್ಡಿಂಗ್ ಕೋಣೆಗೆ ಹೋಗುತ್ತಿದ್ದೆ.

ಅಲ್ಲಿ ನನ್ನ ಮಾನ ಹೋಯಿತು. ಎಷ್ಟು ವಾರ ಹೋದರೂ, ಗೊಂಬೆ ಕೈಯಲ್ಲಿದ್ದರೂ, ಮೈಕ್ ಎದುರಿಗೆ ಶಾಪದ ‘ಮಲಗಲಿ’ ಎನ್ನುವ ಮಾತು ‘ಮ’ ದಾಟಲಿಲ್ಲ. ಯೋಗೇಂದ್ರ ಒಳ್ಳೆಯ ಹುಡುಗ, “ಉಗ್ಗಿದ್ದನ್ನೆಲ್ಲ ಕಟ್ ಮಾಡ್ಬುಡ್ತೀನಿ ಬುಡಿ ಅಮ್ಮ, ಯಾರಿಗೂ ಗೊತ್ತೇ ಆಗಲ್ಲ” ಎಂದ. ಆ ಮಾತಿಗೇ ನನಗೆ ಅಳು ಬಂತು. ಬೇರೆಯವರನ್ನು ನೋಡಿಕೋ ಎಂದು ಗಗನಳಿಗೆ ಹೇಳಿ ಮನೆಗೆ ಬಂದುಬಿಟ್ಟೆ.

ಮೂರು ದಿನ ಅವಳ ಕಣ್ಣಿಗೆ ಬೀಳದಂತೆ ಓಡಾಡಿದೆ. ನಾಲ್ಕನೆಯ ದಿನ ಅವಳೇ ಅಡುಗೆಮನೆ ಬಾಗಿಲಿಗೆ ಬಂದು ನಿಂತಳು. ಏನಾದರೂ ಮಾತಾಡಬೇಕಲ್ಲ ಎಂದು, ಆ ಕಿನ್ನರಿಯನ್ನು ರಾಜ ಯಾಕೆ ಕರೆಯಲಿಲ್ಲ ಎಂದು ಕೇಳಿದೆ. ಅರಮನೆಯಲ್ಲಿ ಹನ್ನೆರಡೇ ಚಿನ್ನದ ತಟ್ಟೆ ಇದ್ದವಂತೆ ಎಂದಳು. ನನಗೆ ಎಲ್ಲಿಂದ ಸಿಟ್ಟು ಬಂತೋ. “ತಟ್ಟೆಗಾಗಿ ಯಾರೂ ಯಾರನ್ನೂ ಬಿಡೋದಿಲ್ಲ ಗಗನ. ಅವಳಿಗೆ ಉಗ್ಗು ಇತ್ತು. ಅವಳು ಆಶೀರ್ವಾದ ಹೇಳಿ ಮುಗಿಸೋಷ್ಟರಲ್ಲಿ ಮುಹೂರ್ತ ಮೀರಿಹೋಗತ್ತೆ, ಅದಕ್ಕೇ ಕರೀಲಿಲ್ಲ” ಎಂದೆ. ಇಷ್ಟು ಹೇಳಲು ಎಷ್ಟು ಹೊತ್ತಾಯಿತೋ ಗೊತ್ತಿಲ್ಲ, ಒಲೆಯ ಮೇಲೆ ಹಾಲು ಉಕ್ಕಿತು.

ಗಗನ ನೆಲದ ಮೇಲೇ ಕುಳಿತುಬಿಟ್ಟಳು. ಆಮೇಲೆ ಇಬ್ಬರೂ ಸೇರಿ ಕಥೆಯನ್ನು ತಿದ್ದಿದೆವು. ನಮ್ಮ ಕಿನ್ನರಿ ಶಾಪ ಹಾಕಲು ಬಂದವಳೇ ಅಲ್ಲ. ‘ಈ ಮಗು ಮಲಗಲಿ, ಎದ್ದಾಗ ಇದಕ್ಕೆ ಯಾವ ಭಯವೂ ಇಲ್ಲದಿರಲಿ’ ಎಂದು ಹರಸಲು ಬಂದವಳು. ‘ಮಲಗಲಿ’ ಎಂಬಲ್ಲಿ ಅವಳ ಮಾತು ಸಿಕ್ಕಿಕೊಳ್ಳುತ್ತದೆ. ಅಷ್ಟು ಹೊರಬಿದ್ದ ಮೇಲೆ ಉಳಿದದ್ದಕ್ಕೆ ಯಾರೂ ಕಾಯುವುದಿಲ್ಲ. ಶಾಪ ಶಾಪ ಎಂದು ಕೂಗಿ ಅವಳನ್ನು ಹೊರಗೆ ದಬ್ಬುತ್ತಾರೆ. ಅರ್ಧ ಹರಕೆ ಹಾಗೆಯೇ ಫಲಿಸಿ ರಾಜಕುಮಾರಿ ನೂರು ವರ್ಷ ಮಲಗುತ್ತಾಳೆ. ಎಬ್ಬಿಸಲು ರಾಜಕುಮಾರ ಬರುವುದಿಲ್ಲ. ಹಣ್ಣುಹಣ್ಣು ಮುದುಕಿಯಾದ ಕಿನ್ನರಿಯೇ ಬಂದು, ಮಂಚದ ಪಕ್ಕ ಕುಳಿತು, ಉಳಿದರ್ಧವನ್ನು ಉಗ್ಗುತ್ತಲೇ ಹೇಳಿ ಮುಗಿಸುತ್ತಾಳೆ.

ಇದಕ್ಕಾಗಿ ಗಗನ ನಾಲ್ಕು ತಿಂಗಳ ಫೋಟೊಗಳನ್ನು ಬಿಸಾಡಿದಳು. ಮಕ್ಕಳ ಚಿತ್ರೋತ್ಸವದ ಸ್ಪರ್ಧೆಗೆ ಕಳಿಸುವ ಕೊನೆಯ ದಿನ ಎದುರಿಗೇ ಇತ್ತು. ಬೇಡ ಕಣೇ, ಇದ್ದದ್ದನ್ನೇ ಕಳಿಸು ಎಂದರೂ ಕೇಳಲಿಲ್ಲ. ದಿನವೂ ಮಧ್ಯಾಹ್ನ ನಾನು ಮೇಲೆ ಹೋಗಿ ಕಾಗದದ ತೋರಣ ಕತ್ತರಿಸಿ ಕೊಟ್ಟೆ. ನಿಮ್ಮಪ್ಪನಿಗೆ ಅನುಮಾನ ಬಂದು ಒಂದು ದಿನ ಹಿಂದೆಯೇ ಬಂದರು. ಸ್ವಲ್ಪ ಹೊತ್ತು ನೋಡಿ, ಕನ್ನಡಕ ತರಲು ಕೆಳಗಿಳಿದು ಹೋದರು. ಅರಮನೆಯ ಕಂಬಗಳೆಲ್ಲ ಅವರು ಕತ್ತರಿಸಿದವು.

ಮತ್ತೆ ರೆಕಾರ್ಡಿಂಗಿಗೆ ಹೋದ ದಿನ ಒಂದು ತಮಾಷೆ ಆಯಿತು. ನನ್ನ ಉಗ್ಗು ಬರಲೇ ಇಲ್ಲ! ‘ಮಲಗಲಿ’ ಸಲೀಸಾಗಿ ಹೊರಳಿತು. ಅರವತ್ತು ವರ್ಷ ಕರೆಯದೆ ಬರುತ್ತಿದ್ದದ್ದು ಕರೆದ ದಿನ ಬಾಗಿಲಲ್ಲೇ ನಿಂತಿತು. ಮೂವರೂ ನಕ್ಕು ನಕ್ಕು ಸುಸ್ತಾದೆವು. ಕಾಫಿ ಕುಡಿದು, ಬೇರೇನನ್ನೋ ನೆನೆಸಿಕೊಂಡು ಮೈಕ್ ಮುಂದೆ ಕೂತಾಗ ತಾನಾಗಿಯೇ ಬಂತು. ಹನ್ನೊಂದು ಸೆಕೆಂಡು. ಯೋಗೇಂದ್ರನ ಕೈ ಅಭ್ಯಾಸಬಲದಿಂದ ಕಂಪ್ಯೂಟರಿನ ಕಡೆ ಹೋದಾಗ ಗಗನ, “ಒಂದಕ್ಷರ ಮುಟ್ಬೇಡ ಕಣೋ!” ಎಂದು ಕಿರುಚಿದಳು.

ನಿನ್ನೆ ಮಕ್ಕಳ ಚಿತ್ರೋತ್ಸವದ ಕೊನೆಯ ದಿನ. ನಮ್ಮ ಸಿನಿಮಾ ಶುರುವಾಯಿತು. ಕಿನ್ನರಿ ತೊಟ್ಟಿಲ ಮುಂದೆ ನಿಂತು ‘ಮ... ಮ...’ ಎಂದಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆದರೆ ಅವಳನ್ನು ದಬ್ಬಿದಾಗ ಇಡೀ ಸಭಾಂಗಣ ಗಪ್‌ಚಿಪ್. ಕೊನೆಯಲ್ಲಿ ಮುದುಕಿ ಕಿನ್ನರಿ ಬಂದು ‘ಎದ್ದಾಗ’ ಎನ್ನಲು ಹೋಗಿ ಮತ್ತೆ ‘ಎ... ಎ...’ ಎಂದು ನಿಂತಳಲ್ಲ, ಒಬ್ಬ ಪುಟ್ಟ ಹುಡುಗಿ ಎದ್ದು ನಿಂತು, “ಹೇಳಜ್ಜಿ, ನಾವ್ ಕೇಳ್ತಾ ಇದೀವಿ” ಎಂದು ಜೋರಾಗಿ ಕೂಗಿದಳು. ರಾಜಕುಮಾರಿ ಕಣ್ಣು ಬಿಟ್ಟಾಗ ಬಿದ್ದ ಚಪ್ಪಾಳೆ ನಿನಗೆ ಬೆಳಗಾವಿಗೆ ಕೇಳಿಸಲಿಲ್ಲವೆಂದರೆ ಆಶ್ಚರ್ಯ.

ಮೊದಲ ಬಹುಮಾನ ನಮಗೇ. ಗಗನ ನನ್ನ ಕೈ ಹಿಡಿದು ವೇದಿಕೆಗೆ ಎಳೆದೊಯ್ದು ಮೈಕ್ ಕೊಟ್ಟುಬಿಟ್ಟಳು. ಮೊದಲ ಮಾತಿನಲ್ಲೇ ಸಿಕ್ಕಿಕೊಂಡೆ. ಮುಂದಿನ ಸಾಲಿನಲ್ಲಿ ನಿಮ್ಮಪ್ಪನ ತುಟಿ ಆಡಿತು. ನಿನಗೆ ಗೊತ್ತಲ್ಲ, ನನ್ನ ಮಾತನ್ನು ಯಾವಾಗಲೂ ಅವರೇ ಮುಗಿಸಿಕೊಡುವುದು. ನಾನು ಅವರನ್ನು ನೋಡಿ ಬೇಡವೆಂದು ತಲೆಯಾಡಿಸಿದೆ. ಅವರು ಬಾಯಿ ಮುಚ್ಚಿ, ಎರಡೂ ಕೈ ಮಡಿಲಲ್ಲಿಟ್ಟು ಕುಳಿತರು. ಹೇಳಬೇಕೆಂದದ್ದನ್ನೆಲ್ಲ ಹೇಳಿಯೇ ಕೆಳಗಿಳಿದೆ. ಯಾರೂ ಎದ್ದು ಹೋಗಲಿಲ್ಲ.

ಇವತ್ತು ಬೆಳಿಗ್ಗೆ ಅಂಗಡಿಗೆ ಹೋಗಿ ಒಂದು ಕೆಜಿ ಬದನೆಕಾಯಿ ಕೇಳಿ ತಂದೆ. ವಾಂಗಿಬಾತ್ ಆಗಿದೆ, ಗಗನ ತಟ್ಟೆ ಹಿಡಿದು ಕಾಯುತ್ತಿದ್ದಾಳೆ. ಇಲ್ಲಿಗೆ ನಿಲ್ಲಿಸುತ್ತೇನೆ.

ಹಿಗ್ಗಿನಲ್ಲಿರುವ ನಿನ್ನಮ್ಮ,
ಚಂದ್ರಮತಿ

ಮತ್ತೊಂದು ಮಾತು: ಮೈಕ್ ಮುಂದೆ ‘ಬೇರೇನನ್ನೋ ನೆನೆಸಿಕೊಂಡೆ’ ಎಂದು ಬರೆದೆನಲ್ಲ, ಅದು ನಿನ್ನ ನಾಮಕರಣ. ನಿನ್ನ ಹೆಸರನ್ನು ಆರಿಸಿದವಳು ನಾನು. ಕಿವಿಯಲ್ಲಿ ಮೂರು ಸಲ ಹೇಳಬೇಕಾದಾಗ ನಿನ್ನಜ್ಜಿ, “ಮುಹೂರ್ತ ಮೀರತ್ತೆ” ಎಂದು ನಿನ್ನನ್ನು ನನ್ನ ಕೈಯಿಂದ ತೆಗೆದು ಸೋದರತ್ತೆಯ ಕೈಗೆ ಕೊಟ್ಟರು. ಇದನ್ನು ನಿನಗೆ ಇಷ್ಟು ವರ್ಷ ಹೇಳಿರಲಿಲ್ಲ. ನಿನ್ನೆ ವೇದಿಕೆಯ ಮೇಲೆ ನಾನು ಹೇಳಿದ ಮೊದಲ ಮಾತು ನಿನ್ನ ಹೆಸರು. ‘ಸ’ದ ಮೇಲೆ ಬಹಳ ಹೊತ್ತು ನಿಂತೆ, ಆದರೆ ಪೂರ್ತಿ ಹೇಳಿದೆ. ಅದು ಒಂದು ಸಲ ಆಯಿತು. ಉಳಿದೆರಡು ಸಲ, ನೀನು ಬಂದಾಗ, ಕಿವಿಯಲ್ಲಿ.